ಪೈಪ್‌ಲೈನ್ ಅವರದು, ಪೆಟ್ಟು ನಮಗ್ಯಾಕೆ?

2025ರ ಮುಂಗಾರಿನಲ್ಲಿ ಹುನಗುಂದದ ಗೊಬ್ಬರದ ಅಂಗಡಿಯೊಂದರ ಮುಂದೆ ಸುದ್ದಿಗಾಗಿ ನಿಂತಿದ್ದೆವು. ಬೆಳಗಿನ ಆರಕ್ಕೇ ಪಾಳಿ ಹಚ್ಚಿದ್ದರು. ಗೋವಿನಜೋಳ ಮೊಣಕಾಲುದ್ದ ಬಂದಿತ್ತು, ಯೂರಿಯಾ ಹಾಕುವ ಹೊತ್ತು. ಅಂಗಡಿಯವರು ಒಬ್ಬರಿಗೆ ಎರಡೇ ಚೀಲ ಎನ್ನುತ್ತಿದ್ದರು. ಅಮೀನಗಡ ಕಡೆಯ ಅಜ್ಜ ಒಬ್ಬರು ನಮ್ಮ ಕೈಯಲ್ಲಿದ್ದ ಮೈಕು ನೋಡಿ ಕೇಳಿದರು: "ತಮ್ಮಾ, ನೀವು ಪೇಪರಿನವ್ರು. ಟಿವ್ಯಾಗ ರಷ್ಯಾ ಅಂತಾರ, ಅಮೆರಿಕ ಅಂತಾರ, ಗ್ಯಾಸಿನ ಪೈಪು ಬಂದ್ ಮಾಡ್ಯಾರ ಅಂತಾರ. ಆ ಪೈಪಿಗೂ ನನ್ನ ಚೀಲಕ್ಕೂ ಏನ್ ಸಂಬಂಧ ಐತಿ, ಹೇಳ್ರಿ ನೋಡೂಣು."

ಅವತ್ತು ನಾವು ಸರಿಯಾದ ಉತ್ತರ ಕೊಡಲಿಲ್ಲ. "ಐತಿ ಯಜ್ಜಾ, ಸ್ವಲ್ಪ ಐತಿ" ಅಂದು ಮುಂದೆ ಹೋದೆವು. ಆಮೇಲೆ ಸೆಪ್ಟೆಂಬರಿನಲ್ಲಿ ಇಳಕಲ್ಲಿನ ಗ್ರಾನೈಟ್ ಅಂಗಳವೊಂದಕ್ಕೆ ಹೋದಾಗ ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಎದುರಾಯಿತು. ಕೆಂಪು ಕಲ್ಲಿನ ದೊಡ್ಡ ದೊಡ್ಡ ಬ್ಲಾಕುಗಳು ಸಾಲಾಗಿ ಕೂತಿದ್ದವು. ಕೆಲಸಗಾರರೊಬ್ಬರು ಹೇಳಿದರು: "ಅಮೆರಿಕದವರು ಟ್ಯಾಕ್ಸ್ ಹಾಕ್ಯಾರಂತ್ರಿ. ಮಾಲು ಕೊಳ್ಳವ್ರು 'ತಡೀರಿ, ನೋಡೂಣು' ಅಂತಾರಂತ. ನಮ್ಮ ಮಾಲಕ್ರು ನಮಗೂ 'ತಡೀರಿ' ಅಂತಾರ. ಹೊಟ್ಟಿ ತಡಿಬೇಕಲ್ರಿ."

ಈ ಎರಡೂ ಪ್ರಶ್ನೆಗಳಿಗೆ ಸೇರಿಸಿ ಇವತ್ತು ಉತ್ತರ ಬರೆಯುತ್ತಿದ್ದೇವೆ. ವಿಷಯ ದೊಡ್ಡದು. ಬೇರೆ ದೇಶದ ಅನಿಲದ ಪೈಪ್‌ಲೈನನ್ನೋ ತೈಲವನ್ನೋ ವಿರೋಧಿಸಲು ಬಲಾಢ್ಯ ದೇಶಗಳು ಆರ್ಥಿಕ ದಿಗ್ಬಂಧನ ಹಾಕುತ್ತವೆ. ಅದು ಸರಿಯೋ ತಪ್ಪೋ? ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ನನಗೆ ಬೇಡವಾದ ಮಾಲು ನಾನು ಕೊಳ್ಳುವುದಿಲ್ಲ ಅನ್ನುವ ಹಕ್ಕು ಎಲ್ಲರಿಗೂ ಇದೆ. ಕೊಂಡ ಮೂರನೆಯವನಿಗೆ ದಂಡ ಹಾಕುವ ಹಕ್ಕು ಯಾರಿಗೂ ಇಲ್ಲ.

ಊರಿನ ಬಹಿಷ್ಕಾರ, ಲೋಕದ ದಿಗ್ಬಂಧನ

ದಿಗ್ಬಂಧನ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನ ಬಹಿಷ್ಕಾರ ನೋಡಿದವರಿಗೆ ಅದು ಗೊತ್ತು. ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಬೀಸಿಕೊಡುವುದಿಲ್ಲ. ಹೊಲದ ಕೆಲಸಕ್ಕೆ ಕರೆಯುವುದಿಲ್ಲ. ಇಷ್ಟಕ್ಕೇ ನಿಲ್ಲುವುದಿಲ್ಲ. ಆ ಮನೆಯವರ ಜೊತೆ ಮಾತಾಡಿದವರಿಗೂ ದಂಡ. ಅಂಗಡಿಯವನಿಗೆ ಆ ಮನೆಯ ಮೇಲೆ ಸಿಟ್ಟೇನೂ ಇರುವುದಿಲ್ಲ. ಆದರೂ ದಂಡಕ್ಕೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಾನೆ.

ಲೋಕದ ಮಟ್ಟದಲ್ಲೂ ಹೀಗೇ ಎರಡು ಬಗೆ ಇವೆ. ಮೊದಲನೆಯದು, ಒಂದು ದೇಶ ತಾನೇ ಇನ್ನೊಂದು ದೇಶದ ಜೊತೆ ವ್ಯಾಪಾರ ಬಿಡುವುದು. ಎರಡನೆಯದು, ಆ ದೇಶದ ಜೊತೆ ವ್ಯಾಪಾರ ಮಾಡಿದ ಮೂರನೆಯ ದೇಶದ ಕಂಪನಿ, ಬ್ಯಾಂಕು, ಹಡಗು, ವಿಮೆ ಎಲ್ಲಕ್ಕೂ ದಂಡ ಹಾಕುವುದು. ಲೋಕದ ಬಹುಪಾಲು ವ್ಯಾಪಾರ ಡಾಲರಿನಲ್ಲಿ ನಡೆಯುತ್ತದೆ. ಹಾಗಾಗಿ ಅಮೆರಿಕ 'ಬೇಡ' ಅಂದರೆ ಉಳಿದ ದೇಶಗಳ ಬ್ಯಾಂಕುಗಳೂ ಬಾಗಿಲು ಹಾಕಿಕೊಳ್ಳುತ್ತವೆ.

ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಇವೆಲ್ಲ ಪರದೇಶದ ಸುದ್ದಿ, ನಮಗೇಕೆ ಅಂದುಕೊಂಡಿದ್ದೆವು. ಜಿಲ್ಲೆಯ ವರದಿಗಾರರಾದ ಮೇಲೆ ಗೊತ್ತಾಯಿತು, ಪರದೇಶದ ಸುದ್ದಿ ಕಡೆಗೆ ಬಂದು ಇಳಿಯುವುದು ಗೊಬ್ಬರದ ಅಂಗಡಿಯಲ್ಲೇ.

ಪೈಪ್‌ಲೈನ್ ಅಂದರೆ ಸೋಯರಿಕೆ

ಪೈಪ್‌ಲೈನಿನ ಮೇಲೇ ಏಕೆ ಇಷ್ಟು ಜಗಳ? ತೈಲವನ್ನು ಹಡಗಿನಲ್ಲಿ ತುಂಬಿದರೆ ಇವತ್ತು ಮಂಗಳೂರಿಗೆ, ನಾಳೆ ಚೀನಾಕ್ಕೆ ಕಳಿಸಬಹುದು. ಪೈಪು ಹಾಗಲ್ಲ. ಒಂದು ಸಲ ಹೂಳಿದರೆ ಮೂವತ್ತು ನಲವತ್ತು ವರ್ಷ ಕೊಡುವವನೂ ಕೊಳ್ಳುವವನೂ ಒಬ್ಬರಿಗೊಬ್ಬರು ಕಟ್ಟುಬೀಳುತ್ತಾರೆ. ಹಡಗಿನದು ಸಂತೆಯ ವ್ಯಾಪಾರವಾದರೆ ಪೈಪಿನದು ಸೋಯರಿಕೆ. ಅದಕ್ಕೇ ಬೇರೆಯವರ ಕಣ್ಣು ಅದರ ಮೇಲೆ ಬೀಳುತ್ತದೆ.

ಕರ್ನಾಟಕಕ್ಕೆ ಈ ಪಾಠ ಹಳೆಯದು. 1970ರ ದಶಕದಲ್ಲಿ ಇರಾನಿನ ದೊರೆ ಷಾ ನಮ್ಮ ಕುದುರೆಮುಖದ ಕಬ್ಬಿಣದ ಅದಿರು ಕೊಳ್ಳಲು ಒಪ್ಪಂದ ಮಾಡಿಕೊಂಡ. 63 ಕೋಟಿ ಡಾಲರ್ ಸಾಲ ಕೊಡುವ ಮಾತಾಯಿತು. 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಬೆಟ್ಟದ ಮೇಲಿನ ಅದಿರನ್ನು ನೀರಿನಲ್ಲಿ ಕಲಸಿ ಮಂಗಳೂರು ಬಂದರಿಗೆ ಹರಿಸಲು ಸುಮಾರು 67 ಕಿಲೋಮೀಟರ್ ಪೈಪು ಹಾಕಿದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಹೊಸ ಸರಕಾರ ಉಳಿದ ಹಣವನ್ನೂ ಕೊಡಲಿಲ್ಲ, ಅದಿರನ್ನೂ ಒಯ್ಯಲಿಲ್ಲ. ಒಬ್ಬನೇ ಗಿರಾಕಿಗೆಂದು ಕಟ್ಟಿದ ಕಾರ್ಖಾನೆ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಬದುಕಬೇಕಾಯಿತು. ಒಂದೇ ಮನೆಯ ಜೊತೆ ಸೋಯರಿಕೆ ಬೆಳೆಸಿದರೆ ಅಪಾಯ ಇದೆ ಎನ್ನುವವರ ಮಾತು ಪೂರಾ ಸುಳ್ಳಲ್ಲ, ಅದನ್ನು ನಾವು ಒಪ್ಪುತ್ತೇವೆ.

ಆದರೆ ಆ ಅಪಾಯ ಲೆಕ್ಕ ಹಾಕಬೇಕಾದವರು ಯಾರು? ಸೋಯರಿಕೆ ಬೆಳೆಸುವ ಮನೆಯವರೋ, ಮೂರನೇ ಓಣಿಯ ಗೌಡರೋ?

ದಿಗ್ಬಂಧನ ಪೈಪನ್ನು ನಿಲ್ಲಿಸಿತೇ?

ನಡೆದ ಕತೆಗಳನ್ನೇ ನೋಡೋಣ.

ಮೊದಲನೆಯದು ಸೈಬೀರಿಯಾದ ಪೈಪು. 1980ರ ದಶಕದ ಶುರುವಿನಲ್ಲಿ ಸೋವಿಯತ್ ಒಕ್ಕೂಟ ಸೈಬೀರಿಯಾದ ಉರೆಂಗೋಯಿಂದ ಯುರೋಪಿನ ಕಡೆಗೆ ಸುಮಾರು 4,500 ಕಿಲೋಮೀಟರ್ ಅನಿಲದ ಪೈಪು ಹಾಕಲು ಹೊರಟಿತು. 1981ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಸೇನಾಡಳಿತ ಬಂದಾಗ ಅಮೆರಿಕದ ಅಧ್ಯಕ್ಷ ರೇಗನ್ ಈ ಪೈಪಿಗೆ ಬೇಕಾದ ಯಂತ್ರ ಮಾರಬಾರದೆಂದು ತನ್ನ ಕಂಪನಿಗಳನ್ನು ತಡೆದರು. 1982ರ ಜೂನಿನಲ್ಲಿ ಇನ್ನೂ ಮುಂದೆ ಹೋಗಿ, ಅಮೆರಿಕದ ತಂತ್ರಜ್ಞಾನ ಬಳಸುವ ಯುರೋಪಿನ ಕಂಪನಿಗಳೂ ಮಾರಬಾರದು ಎಂದರು. ರೇಗನ್ನರ ಆಪ್ತ ಗೆಳತಿ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಕೂಡ ಒಪ್ಪಲಿಲ್ಲ. ಫ್ರಾನ್ಸೂ ಒಪ್ಪಲಿಲ್ಲ. ಐದೇ ತಿಂಗಳಲ್ಲಿ, ನವೆಂಬರಿನಲ್ಲಿ, ದಿಗ್ಬಂಧನ ಹಿಂದೆಗೆದುಕೊಂಡರು. ಪೈಪು ಆಯಿತು, ಅನಿಲ ಹರಿಯಿತು. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ ಕಳಕೊಂಡ ವ್ಯಾಪಾರ ಜಪಾನಿನ ಕೊಮಾಟ್ಸುವಿಗೆ ಹೋಯಿತು.

ಎರಡನೆಯದು ನಾರ್ಡ್ ಸ್ಟ್ರೀಮ್ 2. ರಷ್ಯಾದಿಂದ ಜರ್ಮನಿಗೆ ಬಾಲ್ಟಿಕ್ ಸಮುದ್ರದ ತಳದಲ್ಲಿ ಸುಮಾರು 1,230 ಕಿಲೋಮೀಟರ್ ಉದ್ದದ ಪೈಪು. 2019ರ ಡಿಸೆಂಬರಿನಲ್ಲಿ ಅಮೆರಿಕ ಕಾನೂನು ಮಾಡಿ, ಪೈಪು ಹಾಕುವ ಹಡಗುಗಳ ಮೇಲೆ ದಿಗ್ಬಂಧನ ಇಟ್ಟಿತು. ಗುತ್ತಿಗೆ ಹಿಡಿದಿದ್ದ ಕಂಪನಿ ತಕ್ಷಣ ಕೆಲಸ ಬಿಟ್ಟು ಹೋಯಿತು. ರಷ್ಯಾ ತನ್ನ ಹಡಗುಗಳನ್ನೇ ತಂದು 2021ರ ಸೆಪ್ಟೆಂಬರಿನಲ್ಲಿ ಕೆಲಸ ಮುಗಿಸಿತು. ಹಾಗಾದರೆ ಅನಿಲ ಹರಿಯದಂತೆ ತಡೆದದ್ದು ಯಾವುದು? 2022ರ ಫೆಬ್ರುವರಿ 22ರಂದು, ಉಕ್ರೇನ್ ಯುದ್ಧ ಶುರುವಾಗುವ ಎರಡು ದಿನ ಮೊದಲು, ಜರ್ಮನಿಯೇ ಪರವಾನಗಿಯ ಕೆಲಸ ನಿಲ್ಲಿಸಿತು. ಕೊಳ್ಳುವವನು ತಾನೇ 'ಬೇಡ' ಅಂದ. ಅದೇ ವರ್ಷ ಸೆಪ್ಟೆಂಬರ್ 26ರಂದು ಸಮುದ್ರದ ತಳದಲ್ಲಿ ಸ್ಫೋಟವಾಗಿ ನಾರ್ಡ್ ಸ್ಟ್ರೀಮಿನ ಪೈಪುಗಳೇ ಒಡೆದವು.

ಎರಡೂ ಕತೆಗಳ ಸಾರ ಒಂದೇ. ಹೊರಗಿನವರ ದಂಡದಿಂದ ಪೈಪು ತಡವಾಯಿತು, ದುಬಾರಿಯಾಯಿತು. ನಿಂತದ್ದು ಮಾತ್ರ ಕೊಳ್ಳುವವನು ಮನಸ್ಸು ಬದಲಿಸಿದಾಗ.

ನಮಗೆ ಬರಲೇ ಇಲ್ಲದ ಪೈಪು

ಮೂರನೆಯ ಕತೆ ನಮ್ಮದೇ. ಇರಾನಿನಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಸುಮಾರು 2,700 ಕಿಲೋಮೀಟರ್ ಅನಿಲದ ಪೈಪು ತರುವ ಮಾತು 1990ರ ದಶಕದಿಂದ ಇತ್ತು. 2005ರಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದ ಮಣಿಶಂಕರ್ ಅಯ್ಯರ್ ಇದರ ಹಿಂದೆ ಬಿದ್ದಿದ್ದರು. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ದೆಹಲಿಗೆ ಬಂದು ಈ ಪೈಪಿನ ಬಗ್ಗೆ ತಮಗೆ ಚಿಂತೆ ಇದೆ ಎಂದು ಹೇಳಿಹೋದರು. ಇರಾನಿನ ತೈಲ ಅನಿಲಕ್ಕೆ ದೊಡ್ಡ ಬಂಡವಾಳ ಹಾಕುವ ಯಾವ ದೇಶದ ಕಂಪನಿಗಾದರೂ ದಂಡ ಹಾಕುವ ಕಾನೂನನ್ನು ಅಮೆರಿಕ 1996ರಲ್ಲೇ ಮಾಡಿತ್ತು. 2006ರ ಜನವರಿಯಲ್ಲಿ ಅಯ್ಯರ್ ಆ ಖಾತೆಯಿಂದ ಹೋದರು. 2008ರಲ್ಲಿ ಅಮೆರಿಕದ ಜೊತೆ ಅಣು ಒಪ್ಪಂದವಾಯಿತು. ಅದರ ಆಸುಪಾಸಿನಲ್ಲೇ ಭಾರತ ಪೈಪಿನ ಮಾತುಕತೆಯಿಂದ ದೂರ ಸರಿಯಿತು.

ಇದಕ್ಕೆ ದಿಗ್ಬಂಧನದ ಹೆದರಿಕೆ ಒಂದೇ ಕಾರಣ ಅಂತ ಹೇಳಿದರೆ ನಾವು ಸುಳ್ಳು ಹೇಳಿದಂತೆ. ಅನಿಲದ ದರದ ಜಗಳ ಇತ್ತು. ಪೈಪು ಬಲೂಚಿಸ್ತಾನ ದಾಟಿ ಬರಬೇಕಿತ್ತು, ಅಲ್ಲಿ ಬಂದೂಕಿನ ಸದ್ದು ನಿಂತಿರಲಿಲ್ಲ. 2008ರ ನವೆಂಬರಿನಲ್ಲಿ ಮುಂಬೈ ದಾಳಿಯಾಯಿತು. ಪಾಕಿಸ್ತಾನದ ಕೈಯಲ್ಲಿ ನಮ್ಮ ಅನಿಲದ ತೂಬು ಇರುವುದು ಬೇಡ ಅನ್ನುವ ಮಾತಿಗೆ ತೂಕ ಇತ್ತು. ಆದರೆ 2005ರಲ್ಲಿ ಇರಾನಿನಿಂದ ದ್ರವ ಅನಿಲವನ್ನು ಹಡಗಿನಲ್ಲಿ, ವರ್ಷಕ್ಕೆ 50 ಲಕ್ಷ ಟನ್‌ನಂತೆ 25 ವರ್ಷ ತರುವ ಒಪ್ಪಂದವೂ ಆಗಿತ್ತು. ಆ ದಾರಿಯಲ್ಲಿ ಪಾಕಿಸ್ತಾನವೂ ಇರಲಿಲ್ಲ, ಬಲೂಚಿಸ್ತಾನವೂ ಇರಲಿಲ್ಲ. ಅದೂ ಬರಲಿಲ್ಲ.

ಪಾಕಿಸ್ತಾನದ ಪಾಡು ಇನ್ನೂ ಬಿಗಿ. ಇರಾನ್ ತನ್ನ ಗಡಿಯವರೆಗೆ ಪೈಪು ಹಾಕಿ ಕಾಯುತ್ತಿದೆ. ಪಾಕಿಸ್ತಾನ ತನ್ನ ಭಾಗ ಹಾಕಿದರೆ ಅಮೆರಿಕದ ದಂಡ, ಹಾಕದಿದ್ದರೆ ಒಪ್ಪಂದ ಮುರಿದದ್ದಕ್ಕೆ ಇರಾನಿನ ದಾವೆ.

ಮಂಗಳೂರಿನಲ್ಲಿ ನಿಂತ ತೈಲ

ಪೈಪು ಬಿಡಿ, ಹಡಗಿನಲ್ಲಿ ಬರುತ್ತಿದ್ದ ಇರಾನ್ ತೈಲದ ಗತಿಯೂ ಹಾಗೇ ಆಯಿತು. ಕರ್ನಾಟಕದ ಏಕೈಕ ತೈಲ ಶುದ್ಧೀಕರಣಾಗಾರ ಮಂಗಳೂರಿನ ಎಂಆರ್‌ಪಿಎಲ್. ಇರಾನಿನ ಕಚ್ಚಾ ತೈಲ ಕೊಳ್ಳುವುದರಲ್ಲಿ ಭಾರತದ ಕಂಪನಿಗಳಲ್ಲೇ ಅದು ಮುಂದಿತ್ತು. ಇರಾನ್ ಉದ್ದರಿ ಕೊಡುತ್ತಿತ್ತು, ಸಾಗಣೆಯಲ್ಲೂ ರಿಯಾಯಿತಿ ಇತ್ತು. 2012ರಲ್ಲಿ ದಿಗ್ಬಂಧನ ಬಿಗಿಯಾದಾಗ ಡಾಲರಿನಲ್ಲಿ ಹಣ ಕೊಡಲು ದಾರಿ ಮುಚ್ಚಿತು. ಆಗ ಒಂದು ಉಪಾಯ ಹುಡುಕಿದರು. ತೈಲದ ಹಣದ ಶೇ 45ರಷ್ಟನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಇಡುವುದು, ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಅಕ್ಕಿ, ಚಹಾ, ಔಷಧ ಕೊಳ್ಳುವುದು. ನಮ್ಮ ಕಡೆ ಹಿಂದೆ ಕಾಳು ಕೊಟ್ಟು ಗಡಿಗೆ ತಗೊಳ್ಳುತ್ತಿದ್ದ ಹಾಗೆ. 2013ರಲ್ಲಿ ಮತ್ತೊಂದು ಕಡೆಯಿಂದ ಹಿಡಿದರು. ಇರಾನ್ ತೈಲ ಕಾಯಿಸುವ ಕಾರ್ಖಾನೆಗೆ ವಿಮೆ ಇಲ್ಲ ಎಂದರು. ಎಂಆರ್‌ಪಿಎಲ್ ಕೆಲವು ತಿಂಗಳು ಆ ತೈಲ ತರಿಸುವುದನ್ನೇ ನಿಲ್ಲಿಸಿತು.

2015ರಲ್ಲಿ ಇರಾನ್ ಅಣು ಕೆಲಸಕ್ಕೆ ಮಿತಿ ಹಾಕಿಕೊಳ್ಳಲು ಒಪ್ಪಿತು, ಬದಲಿಗೆ ದಿಗ್ಬಂಧನ ಸಡಿಲವಾಯಿತು. ದಿಗ್ಬಂಧನದಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನು ಮರೆಯಬಾರದು. 'ಇದನ್ನು ಮಾಡು, ಬಿಡುತ್ತೇವೆ' ಎಂದು ಷರತ್ತು ಖಚಿತವಾಗಿದ್ದಾಗ ಅದು ಫಲ ಕೊಟ್ಟಿತು. ಆದರೆ 2018ರಲ್ಲಿ ಅಮೆರಿಕ ಆ ಒಪ್ಪಂದದಿಂದ ತಾನೇ ಹೊರಬಂತು. ಭಾರತವೂ ಸೇರಿ ಎಂಟು ಕಡೆಯವರಿಗೆ ಆರು ತಿಂಗಳ ವಿನಾಯಿತಿ ಕೊಟ್ಟು, 2019ರ ಮೇ ತಿಂಗಳಲ್ಲಿ ಅದನ್ನೂ ಮುಗಿಸಿತು. ಭಾರತ ಇರಾನ್ ತೈಲ ಕೊಳ್ಳುವುದನ್ನು ನಿಲ್ಲಿಸಿತು. ನಾವು ಯಾವ ಒಪ್ಪಂದವನ್ನೂ ಮುರಿದಿರಲಿಲ್ಲ.

ಈಗ ರಷ್ಯಾದ ಸರದಿ

2022ಕ್ಕೆ ಮುಂಚೆ ನಾವು ಕೊಳ್ಳುವ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2ಕ್ಕಿಂತ ಕಡಿಮೆ ಇತ್ತು. ಯುದ್ಧದ ಮೇಲೆ ಯುರೋಪು ಬಿಟ್ಟ ತೈಲ ಅಗ್ಗವಾಗಿ ಸಿಕ್ಕಿತು, ಪಾಲು ಮೂರನೇ ಒಂದಕ್ಕೂ ಮೇಲೆ ಏರಿತು. ಇದಕ್ಕೆ ದಂಡವಾಗಿ ಅಮೆರಿಕ 2025ರ ಆಗಸ್ಟ್ 27ರಿಂದ ಭಾರತದ ಮಾಲಿನ ಮೇಲೆ ಇನ್ನೂ ಶೇ 25 ಸುಂಕ ಹಾಕಿತು. ಮೊದಲಿನದೂ ಸೇರಿ ಆಗ ಶೇ 50 ಆಯಿತು. ಇಳಕಲ್ಲಿನ ಅಂಗಳದಲ್ಲಿ ಕೇಳಿದ 'ತಡೀರಿ' ಅಲ್ಲಿಂದ ಬಂದದ್ದು. ಭಾರತದ ಗ್ರಾನೈಟಿಗೆ ಅಮೆರಿಕ ದೊಡ್ಡ ಮಾರುಕಟ್ಟೆ. ಬೆಲೆ ಅರ್ಧದಷ್ಟು ಏರಿದರೆ ಕೊಳ್ಳುವವನು ಬೇರೆ ಕಡೆ ನೋಡುತ್ತಾನೆ.

ನ್ಯಾಯ ಎಲ್ಲರಿಗೂ ಒಂದೇ ಆಗಿದ್ದರೆ ಸಹಿಸಬಹುದಿತ್ತು. ರಷ್ಯಾ ತೈಲವನ್ನು ನಮ್ಮಷ್ಟೇ, ನಮಗಿಂತಲೂ ಹೆಚ್ಚು ಕೊಳ್ಳುವ ಚೀನಾಕ್ಕೆ ಆ ಕಾರಣಕ್ಕೆ ಇಂಥ ಸುಂಕ ಹಾಕಲಿಲ್ಲ. 2022ರಲ್ಲಿ ಯುರೋಪ್ ಒಕ್ಕೂಟ ಹಡಗಿನಲ್ಲಿ ಬರುವ ರಷ್ಯಾ ತೈಲ ನಿಷೇಧಿಸಿದಾಗ ಪೈಪಿನಲ್ಲಿ ಬರುವ ತೈಲಕ್ಕೆ ವಿನಾಯಿತಿ ಇಟ್ಟುಕೊಂಡಿತು, ಏಕೆಂದರೆ ಹಂಗೇರಿ, ಸ್ಲೊವಾಕಿಯಾಗಳಿಗೆ ಆ ಪೈಪೇ ಆಧಾರವಾಗಿತ್ತು. ಅವರ ಪೈಪಿಗೆ ವಿನಾಯಿತಿ ಇತ್ತು. ನಮ್ಮ ಕಲ್ಲಿಗೆ ಇರಲಿಲ್ಲ.

ಇನ್ನೊಂದು ಮಾತೂ ಇದೆ. ರಷ್ಯಾದ ಅನಿಲ ಬೇಡ, ಇರಾನಿನ ಅನಿಲ ಬೇಡ ಎನ್ನುವ ಅಮೆರಿಕವೇ ಇವತ್ತು ಲೋಕಕ್ಕೆ ಅತಿ ಹೆಚ್ಚು ದ್ರವ ಅನಿಲ ಮಾರುವ ದೇಶ. 2025ರ ನವೆಂಬರಿನಲ್ಲಿ ನಮ್ಮ ಸರಕಾರಿ ಕಂಪನಿಗಳು ಅಡುಗೆ ಅನಿಲವನ್ನೂ ಅಮೆರಿಕದಿಂದ ವರ್ಷಕ್ಕೆ 22 ಲಕ್ಷ ಟನ್ ತರುವ ಒಪ್ಪಂದ ಮಾಡಿಕೊಂಡವು. ಕೊಳ್ಳುವುದು ತಪ್ಪಲ್ಲ, ನಾಲ್ಕು ಅಂಗಡಿ ಇದ್ದರೆ ಒಳ್ಳೆಯದೇ. ಆದರೆ ಎದುರಿನ ಅಂಗಡಿಗೆ ಹೋಗಬೇಡಿ ಎಂದು ದಂಡ ಹಾಕುವವನ ಕೈಯಲ್ಲೇ ತಕ್ಕಡಿ ಇದ್ದರೆ ಗಿರಾಕಿಗೆ ಅನುಮಾನ ಬಂದೇ ಬರುತ್ತದೆ.

ಅಜ್ಜನ ಚೀಲದ ಲೆಕ್ಕ

ಈಗ ಯೂರಿಯಾಕ್ಕೆ ಬರೋಣ. ಯೂರಿಯಾ ಮಾಡುವುದು ನೈಸರ್ಗಿಕ ಅನಿಲದಿಂದ. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳು ಬಹುತೇಕ ಅನಿಲದಿಂದಲೇ ನಡೆಯುತ್ತವೆ. ದೇಶಕ್ಕೆ ಬೇಕಾದ ಅನಿಲದಲ್ಲಿ ಅರ್ಧದಷ್ಟು ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. 2022ರಲ್ಲಿ ರಷ್ಯಾದ ಪೈಪುಗಳು ನಿಂತಾಗ ಯುರೋಪಿನವರು ಸಿಕ್ಕ ಬೆಲೆಗೆ ಹಡಗಿನ ಅನಿಲ ಕೊಂಡರು. ಅನಿಲದ ಬೆಲೆ ಗಗನಕ್ಕೆ ಹೋಯಿತು, ಅದರ ಹಿಂದೆ ಗೊಬ್ಬರದ ಬೆಲೆಯೂ ಹೋಯಿತು.

ನಮ್ಮ ರೈತನಿಗೆ 45 ಕಿಲೋ ಚೀಲ 266 ರೂಪಾಯಿ 50 ಪೈಸೆಗೇ ಸಿಕ್ಕಿತು. ಉಳಿದದ್ದನ್ನು ಸರಕಾರ ಭರಿಸಿತು. 2022-23ರಲ್ಲಿ ಗೊಬ್ಬರದ ಸಹಾಯಧನ ಸುಮಾರು 2.5 ಲಕ್ಷ ಕೋಟಿ ರೂಪಾಯಿಗೆ ಹೋಯಿತು. ಆ ಹಣವೂ ನಮ್ಮದೇ. ಅದರಲ್ಲಿ ಎಷ್ಟು ಊರಿಗೆ ರಸ್ತೆ ಆಗುತ್ತಿತ್ತು, ಎಷ್ಟು ಹೊಲಕ್ಕೆ ನೀರು ಹರಿಯುತ್ತಿತ್ತು ನೀವೇ ಯೋಚಿಸಿ.

2025ರ ಪಾಳಿಗೆ ದಿಗ್ಬಂಧನವೊಂದೇ ಕಾರಣ ಅಂತ ನಾವು ಹೇಳುವುದಿಲ್ಲ. ಗೋವಿನಜೋಳದ ಬಿತ್ತನೆ ಹೆಚ್ಚಿತು. ಹೊರಗಿನಿಂದ ಬರುವ ಮಾಲು ಸಾಲಲಿಲ್ಲ. ಕೇಂದ್ರ ರಾಜ್ಯದ ಕಡೆ, ರಾಜ್ಯ ಕೇಂದ್ರದ ಕಡೆ ಬೊಟ್ಟು ಮಾಡಿದವು. ಆದರೆ ಅನಿಲಕ್ಕೆ ಹೊರಗಿನವರ ಕೈ ನೋಡುವ ತನಕ ಯಾವ ಸಮುದ್ರದಲ್ಲಿ ಯಾವ ಪೈಪು ನಿಂತರೂ ಹುನಗುಂದದ ಪಾಳಿ ಉದ್ದವಾಗುವ ಭಯ ಇದ್ದೇ ಇರುತ್ತದೆ.

ನಮ್ಮವರ ತಪ್ಪನ್ನೂ ಹೇಳಬೇಕು. ರಷ್ಯಾದ ತೈಲ ಅಗ್ಗವಾಗಿ ಬಂದ ವರ್ಷಗಳಲ್ಲಿ ಬಾದಾಮಿಯ ಬಂಕಿನಲ್ಲಿ ಡೀಸೆಲ್ ಎಷ್ಟು ಇಳಿಯಿತು? 2024ರ ಮಾರ್ಚಿನಲ್ಲಿ ಚುನಾವಣೆಯ ಮುಂದೆ ಎರಡು ರೂಪಾಯಿ ಇಳಿಯಿತು. ಅದೇ ವರ್ಷ ಜೂನಿನಲ್ಲಿ ರಾಜ್ಯ ಸರಕಾರ ತೆರಿಗೆ ಏರಿಸಿ ಅದನ್ನು ತಿಂದುಹಾಕಿತು. ಲಾಭ ಬಂದಾಗ ತೈಲ ಕಂಪನಿಗೂ ಖಜಾನೆಗೂ ಹೋಯಿತು. ದಂಡ ಬಂದಾಗ ಇಳಕಲ್ಲಿನ ಕಲ್ಲಿನ ಕೆಲಸಗಾರನ ಕೂಲಿಯ ಮೇಲೆ ಬಂತು. ಇದಕ್ಕೆ ಅಮೆರಿಕವನ್ನು ಬೈದು ಕೂತರೆ ಆಗದು.

ಹಾಗಾದರೆ ಯುದ್ಧ ನೋಡುತ್ತ ಕೂರಬೇಕೇ?

ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಸತ್ತದ್ದು ನಮ್ಮ ಹಾವೇರಿ ಜಿಲ್ಲೆಯ ಹುಡುಗ, ಡಾಕ್ಟರ್ ಆಗಲು ಹೋದವನು. ತೈಲ, ಅನಿಲ ಮಾರಿದ ಹಣದಲ್ಲಿ ರಷ್ಯಾ ಯುದ್ಧ ನಡೆಸುತ್ತಿದೆ ಎನ್ನುವ ಮಾತು ಸುಳ್ಳಲ್ಲ. ಅಗ್ಗ ಸಿಕ್ಕಿತೆಂದು ಕಣ್ಣು ಮುಚ್ಚಿ ಕೊಳ್ಳುವುದು ದೊಡ್ಡ ಧರ್ಮ ಅಂತ ನಾವು ಹೇಳುತ್ತಿಲ್ಲ.

ಭಾರತವೇ ಹಿಂದೆ ಬಹಿಷ್ಕಾರದ ದಾರಿ ಹಿಡಿದಿತ್ತು. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ವರ್ಣಭೇದ ಮಾಡುವ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ನಮ್ಮದು. ಅದಕ್ಕೂ ಇವತ್ತಿನದಕ್ಕೂ ಏನು ವ್ಯತ್ಯಾಸ? ಅವತ್ತು ನಷ್ಟ ಅನುಭವಿಸಿದ್ದು ನಾವೇ. ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಮಾಡಿದ ಬೇರೆ ದೇಶದ ಕೂಲಿಕಾರನ ಮೇಲೆ ನಾವು ದಂಡ ಹಾಕಲಿಲ್ಲ. ಬೇರೆಯವರೂ ಕೈಜೋಡಿಸಲಿ ಎಂದು ವಿಶ್ವಸಂಸ್ಥೆಗೆ ಹೋಗಿ ಕೇಳಿದೆವು. ಎಷ್ಟೋ ವರ್ಷಗಳ ಮೇಲೆ ಒಬ್ಬೊಬ್ಬರಾಗಿ ಕೈಜೋಡಿಸಿದರು.

2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲೇ ಇದನ್ನು ಕಣ್ಣಾರೆ ಕಂಡೆವು. ಕಬ್ಬಿಗೆ ದರ ಸಾಲದೆಂದು ಮುಧೋಳ ಸೀಮೆಯ ರೈತರು 'ದರ ಕೊಡುವ ತನಕ ಕಬ್ಬು ಕಡಿಯುವುದಿಲ್ಲ' ಎಂದು ಕೂತರು. ಕಬ್ಬು ಅವರದು, ಒಣಗಿದರೆ ನಷ್ಟವೂ ಅವರದು. ಆ ಹಟಕ್ಕೆ ಜನ ತಲೆಬಾಗಿದರು. ಆಮೇಲೆ ಸಮೀರವಾಡಿ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರು ಎನ್ನುವುದು ಪೊಲೀಸರ ತನಿಖೆಗೆ ಬಿಟ್ಟದ್ದು. ಆದರೆ ಸುಟ್ಟದ್ದು ಮಾತ್ರ ರೈತರು ಬೆಳೆದ ಕಬ್ಬೇ. ತನ್ನ ಕಬ್ಬು ತಡೆಹಿಡಿಯುವುದು ಹೋರಾಟ. ಇನ್ನೊಬ್ಬನ ಗಾಡಿ ಸುಡುವುದು ಹೋರಾಟ ಅಲ್ಲ. ಮೂರನೇ ದೇಶದ ಮೇಲೆ ಹಾಕುವ ಸುಂಕ ಎರಡನೆಯ ಜಾತಿಯದು.

ಆಲಮಟ್ಟಿಯನ್ನೇ ನೋಡಿ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಬಾರದೆಂದು ಮಹಾರಾಷ್ಟ್ರ ತಕರಾರು ತೆಗೆದಿದೆ. ನಮ್ಮ ಬಾಗಲಕೋಟೆ ಊರನ್ನೇ ಅರ್ಧ ಮುಳುಗಿಸಿಕೊಂಡವರು ನಾವು, ಆ ತಕರಾರು ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ಆದರೂ ಅವರು ಪತ್ರ ಬರೆಯುತ್ತಾರೆ, ದೆಹಲಿಗೆ ಹೋಗುತ್ತಾರೆ, ನ್ಯಾಯಮಂಡಳಿ ಇದೆ, ಸುಪ್ರೀಂ ಕೋರ್ಟ್ ಇದೆ. ಅದರ ಬದಲು 'ಆಲಮಟ್ಟಿ ಎತ್ತರಿಸುವ ಮಾತು ಬಿಡುವ ತನಕ ಇಳಕಲ್ ಸೀರೆ ಮಾರುವ ಅಂಗಡಿಗೆಲ್ಲ ದಂಡ' ಎಂದು ಅವರು ಅಂದಿದ್ದರೆ? ಇಳಕಲ್ ಸೀರೆ ಉಡುವ ಹೆಣ್ಣುಮಕ್ಕಳು ಮಹಾರಾಷ್ಟ್ರದಲ್ಲಿ ಬಹಳ. ಮಗ್ಗದ ಮುಂದೆ ಕೂತ ನೇಕಾರನಿಗೂ ಆಲಮಟ್ಟಿಯ ಗೇಟಿಗೂ ಏನು ಸಂಬಂಧ? ಗೇಟು ಇಳಿಯುತ್ತಿರಲಿಲ್ಲ, ಮಗ್ಗ ನಿಲ್ಲುತ್ತಿತ್ತು.

ನಾವು ಕೇಳುವುದು ಇಷ್ಟು

ದಿಗ್ಬಂಧನ ಹಾಕುವವರು ಮೊದಲ ನಷ್ಟ ತಾವು ಹೊರಬೇಕು. ವಿಶ್ವಸಂಸ್ಥೆಯಲ್ಲಿ ಒಪ್ಪಿದ ದಿಗ್ಬಂಧನವನ್ನಷ್ಟೇ ಮಾನ್ಯ ಮಾಡುತ್ತೇವೆ ಎನ್ನುವುದು ಭಾರತದ ಹಳೆಯ ನಿಲುವು. ಆ ನಿಲುವನ್ನು ಹೇಳಿದರೆ ಸಾಲದು, ಅದಕ್ಕೆ ನಿಲ್ಲಬೇಕು. ನಮ್ಮ ಹಾಗೆ ನಡುವೆ ಸಿಕ್ಕಿಬಿದ್ದ ದೇಶಗಳ ಜೊತೆ ಸೇರಿ ನಿಲ್ಲಬೇಕು.

ಆಹಾರ, ಔಷಧಕ್ಕೆ ಹೇಗೆ ವಿನಾಯಿತಿ ಕೇಳುತ್ತೇವೋ ಹಾಗೆ ಗೊಬ್ಬರಕ್ಕೂ ಗೊಬ್ಬರ ಮಾಡುವ ಅನಿಲಕ್ಕೂ ಯಾವ ದಿಗ್ಬಂಧನವೂ ತಟ್ಟಬಾರದು ಎಂದು ನಮ್ಮ ಸರಕಾರ ಪಟ್ಟು ಹಿಡಿಯಬೇಕು. ಅನಿಲ ಇಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ಊಟ ಇಲ್ಲ.

ಷರತ್ತು ಖಚಿತ ಇರಬೇಕು. ಏನು ಮಾಡಿದರೆ ದಂಡ ಹೋಗುತ್ತದೆ ಎಂದು ಹೇಳದೆ ಹಾಕಿದ ದಂಡಕ್ಕೆ ಸುಲಿಗೆ ಎನ್ನುತ್ತಾರೆ.

ಅಗ್ಗದ ತೈಲದಲ್ಲಿ ಲಾಭ ಮಾಡಿಕೊಂಡ ಕಂಪನಿಗಳಿಂದ, ತೆರಿಗೆ ತಿಂದ ಎರಡೂ ಸರಕಾರಗಳಿಂದ, ಸುಂಕದ ಪೆಟ್ಟು ತಿಂದ ಕೆಲಸಗಾರರಿಗೆ ಪರಿಹಾರ ಬರಬೇಕು. ಗಣಿ ಮಾಲೀಕರಿಗೆ ಸಾಲದ ಗಡುವು ಮುಂದೆ ಹಾಕಿದರೆ ಸಾಲದು. ಇಳಕಲ್ಲಿನ ಕಲ್ಲು ಕೆಲಸಗಾರನ ತಪ್ಪಿಹೋದ ದಿನಗೂಲಿಯ ಲೆಕ್ಕ ಯಾರಾದರೂ ಬರೆದುಕೊಳ್ಳಬೇಕು. ನಮ್ಮ ಶಾಸಕರು, ಸಂಸದರು ಇದನ್ನು ಸದನದಲ್ಲಿ ಕೇಳಲಿ.

ಕಡೆಯದು ನಮಗೆ ನಾವೇ ಹೇಳಿಕೊಳ್ಳುವುದು. ಪರರ ಪೈಪಿಗೆ ಕಟ್ಟುಬಿದ್ದ ಹೊಲ ಯಾವತ್ತೂ ಹೆದರಿಕೆಯಲ್ಲೇ ಇರುತ್ತದೆ. ಯೂರಿಯಾ ಪೂರಾ ಬಿಡಿ ಎಂದು ಹೇಳುವಷ್ಟು ದಡ್ಡರು ನಾವಲ್ಲ. ತಿಪ್ಪೆ ಗೊಬ್ಬರ ಹೆಚ್ಚಿಸುವುದು, ಗೋವಿನಜೋಳದ ನಡುವೆ ತೊಗರಿಯೋ ಅಲಸಂದಿಯೋ ಹಾಕುವುದು, ಎರಡು ಚೀಲದ ಕಡೆ ಒಂದೂವರೆ ಚೀಲದಲ್ಲಿ ಮುಗಿಸುವುದು ನಮ್ಮ ಕೈಯಲ್ಲಿದೆ. ಆ ಅರ್ಧ ಚೀಲ ಯಾವ ದೇಶದ ಅಧ್ಯಕ್ಷರ ಮಾತಿಗೂ ಕಾಯುವುದಿಲ್ಲ.

ಅಮೀನಗಡದ ಅಜ್ಜ, ನಿಮ್ಮ ಪ್ರಶ್ನೆಗೆ ಉತ್ತರ ತಡವಾಯಿತು. ಆ ಪೈಪಿಗೂ ನಿಮ್ಮ ಚೀಲಕ್ಕೂ ಸಂಬಂಧ ಇದೆ. ಪೈಪು ಹಾಕುವಾಗ ನಿಮ್ಮನ್ನು ಯಾರೂ ಕೇಳಲಿಲ್ಲ, ನಿಲ್ಲಿಸುವಾಗಲೂ ಕೇಳಲಿಲ್ಲ. ಪಾಳಿಯಲ್ಲಿ ನಿಲ್ಲುವಾಗ ಮಾತ್ರ ನೀವೇ ನಿಂತಿರಿ. ಮುಂದಿನ ಸಲ ಓಟು ಕೇಳಲು ಬಂದವರನ್ನು ಈ ಮಾತು ಕೇಳಿ. ನಾವೂ ಮೈಕು ಹಿಡಿದು ಅಲ್ಲೇ ಇರುತ್ತೇವೆ.